ಮೂರು ನೀರು, ಒಂದು ಚಿಮುಟ

ಕಲ್ಲು ನೆಕ್ಕಲು ನಾಚಿಕೆಪಡುವವರು ಈ ಕೆಲಸಕ್ಕೆ ಬರಬೇಡಿ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಒಣಗಿದ ಕಲ್ಲುಗಳೆಲ್ಲ ಧೂಳು ಹೊದ್ದುಕೊಂಡು ಒಂದೇ ಥರ ಕಾಣುತ್ತವೆ. ಒಂದು ಸಲ ನಾಲಿಗೆ ಆಡಿಸಿದರೆ ಒಳಗಿನ ಬಣ್ಣ, ಹೊಳಪು, ಕರಿ ಚುಕ್ಕೆ ಎಲ್ಲ ಎದ್ದು ಬರುತ್ತವೆ. ಬಾಟಲಿಯ ನೀರು ಚಿಮುಕಿಸಿದರೂ ಆಗುತ್ತದೆ, ನಿಜ. ಆದರೆ ಪಾವಗಡದ ಬಿಸಿಲಲ್ಲಿ, ಮಧ್ಯಾಹ್ನ ಎರಡರ ಹೊತ್ತಿಗೆ, ಬಾಟಲಿಯಲ್ಲಿ ಉಳಿದ ನಾಲ್ಕು ಗುಟುಕನ್ನು ಕಲ್ಲಿಗೆ ಕುಡಿಸುವಂಥ ಧರ್ಮಾತ್ಮನನ್ನು ನಾನಿನ್ನೂ ಕಂಡಿಲ್ಲ. ಹೀಗಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಬಹುಪಾಲು ಗುಡ್ಡಗಳು ನನ್ನ ಎಂಜಲು. ಸೇರಿದ ಹೊಸದರಲ್ಲಿ ಪ್ರತಿ ಕಲ್ಲಿಗೂ ನಾಲಿಗೆ ತಾಗಿಸುವ ಮುನ್ನ, ನನಗಿಂತ ಮೊದಲು ಯಾವ ನಾಯಿ ಬಂದು ಹೋಗಿದೆಯೋ ಎಂದು ಸುತ್ತಮುತ್ತ ನೋಡುತ್ತಿದ್ದೆ.

ನನ್ನ ಹುದ್ದೆ ಕ್ಷೇತ್ರ ಸಹಾಯಕನದು. ಭೂವಿಜ್ಞಾನಿಗಳು ಬೆರಳು ಮಾಡಿದ ಕಲ್ಲನ್ನು ಒಡೆದು, ಚೀಲಕ್ಕೆ ತುಂಬಿ, ಚೀಟಿ ಬರೆದು, ಹೊತ್ತು ತಂದು ಜೀಪಿಗೆ ಹಾಕುವುದು. ಬಡ್ತಿಗಳ ವಿಷಯ ಬರೆಯುವುದಿಲ್ಲ, ಬರೆಯುವಷ್ಟು ಇಲ್ಲ. ನಮ್ಮದು ಮಧುಗಿರಿಯಲ್ಲಿ ತಲೆಮಾರುಗಳಿಂದ ದಿನಸಿ ಅಂಗಡಿ ಇಟ್ಟುಕೊಂಡ ಮನೆ. ನೇಮಕದ ಕಾಗದ ಬಂದ ದಿನ ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿ ಹೇಳಿದರು: "ಅಲ್ಲ ಷಡಕ್ಷರಿ, ನಾವು ಮೂರು ತಲೆಮಾರಿಂದ ಬೇಳೇಲಿ ಕಲ್ಲು ಆರಿಸಿ ಎಸೀತಾ ಬಂದಿದೀವಿ. ಅದನ್ನ ಆರಿಸಿ ಇಟ್ಕೊಳ್ಳೋಕೂ ಸಂಬಳ ಕೊಡ್ತಾರಾ?"

ಕೊಟ್ಟರು. ಐವತ್ತೈದಕ್ಕೆ ಮಂಡಿ ಕೈಕೊಟ್ಟು ಸ್ವಯಂ ನಿವೃತ್ತಿ ಪಡೆಯುವವರೆಗೂ ಕೊಟ್ಟರು. ಚಿಂತೆ ಮಾಡುವುದು ನನ್ನ ಎರಡನೆಯ ಉದ್ಯೋಗ. ಅದರಿಂದ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. "ನಿಮಗೆ ಚಿಂತೆ ಇಲ್ದಿದ್ರೆ ಯಾಕೆ ಇಲ್ಲ ಅಂತ ಚಿಂತೆ ಮಾಡ್ತೀರ" ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜಾ. ಈ ಬರಹವನ್ನೂ ಮೂರು ಸಲ ಹರಿದು ನಾಲ್ಕನೆಯ ಸಲ ಬರೆಯುತ್ತಿದ್ದೇನೆ.

ಈ ಕೆಲಸದ ಮೊದಲ ಪಾಠ ನನಗೆ ಸಿಕ್ಕಿದ್ದು ರಾಯಚರ್ಲು ಕಡೆ. ಈಗ ಅಲ್ಲಿ ಸೋಲಾರ್ ಫಲಕಗಳು ಕೆರೆ ತುಂಬಿದಂತೆ ಹಬ್ಬಿವೆ. ಆಗ ಬರೀ ಕಲ್ಲು, ನಡುವೆ ಕಡ್ಲೆಕಾಯಿ ಹೊಲ. ನಾನು ಬೆನ್ನ ಮೇಲೆ ಚೀಲ ಹೊತ್ತು ಬರುತ್ತಿದ್ದೆ. ಬದುವಿನ ಮೇಲೆ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದ ಹೆಂಗಸು ತೆಲುಗಿನಲ್ಲಿ ಕೇಳಿದಳು: "ಏಮಪ್ಪಾ, ಮಾ ರಾಳ್ಳಲೋ ಬಂಗಾರಂ ಉಂದಾ?"

"ಇಲ್ಲಮ್ಮಾ, ನಿಮ್ಮ ಕಲ್ಲಲ್ಲಿ ಬಂಗಾರ ಗಿಂಗಾರ ಏನೂ ಇಲ್ಲ."

"ಮತ್ತೆ ಯಾಕ್ ಹೊತ್ಕೊಂಡ್ ಹೋಗ್ತೀಯ?"

"ಇಲ್ಲ ಅಂತ ತಿಳ್ಕೊಳ್ಳೋಕೆ."

"ಅಯ್ಯೋ ನಾಯನಾ, ನನ್ನ ಕೇಳಿದ್ರೆ ಇಲ್ಲೇ ಹೇಳ್ತಿದ್ನಲ್ಲ. ಜೀಪಿಗೆ ಡೀಸೆಲ್ಲಾದ್ರೂ ಮಿಗ್ತಿತ್ತು."

ಕಲ್ಲು ಮುಟ್ಟುವ ಮೊದಲು ಅದರ ಪಕ್ಕ ಬದುಕುವವರನ್ನು ಕೇಳಿ. ಈ ಪಾಠವನ್ನು ಅಂದೇ ಕಲಿತಿದ್ದರೆ ಕೊಳಾಲದಲ್ಲಿ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಆಗ ನಾನು ನಕ್ಕು, ಕಡ್ಲೆಕಾಯಿ ತಿಂದು, ಪಾಠವನ್ನು ಅಲ್ಲೇ ಬಿಟ್ಟು ಬಂದೆ.

ಕೊಳಾಲದ ಆಚೆ ಗುಡ್ಡದ ಬುಡದಲ್ಲೊಂದು ಊರಿದೆ. ನಮ್ಮ ಅಧಿಕಾರಿ ವಾಸುದೇವಮೂರ್ತಿ ಸಾಹೇಬರು ಒಮ್ಮೆ ನನ್ನೊಬ್ಬನನ್ನೇ ಅಲ್ಲಿಗೆ ಕಳಿಸಿದರು, ಕಬ್ಬಿಣದಂಶವಿರುವ ಕಲ್ಲು ಕಂಡರೆ ತಾ ಎಂದು. ಊರಾಚೆ ಜಾಲಿ ಬೆಳೆದ ಒಂದು ದಿಬ್ಬ ಕಂಡಿತು. ಹತ್ತಿ ನೋಡಿದರೆ ಇಡೀ ದಿಬ್ಬವೇ ಕರಿ ಕಲ್ಲು. ಎತ್ತಿದರೆ ಕೈ ಜಗ್ಗುವ ತೂಕ. ನೆಕ್ಕಿ ನೋಡಿದೆ, ನೀಲಿ ಮಿಶ್ರಿತ ಕಪ್ಪು ಹೊಳೆಯಿತು. ಯಾರನ್ನೂ ಕೇಳಲಿಲ್ಲ. ಹನ್ನೊಂದು ಚೀಲ ತುಂಬಿ, ಪ್ರತಿ ಚೀಟಿಯ ಮೇಲೂ 'ಅತ್ಯುತ್ತಮ ಅದಿರು' ಎಂದು ಬರೆದು, ಕೆಳಗೆ ಗೆರೆಯನ್ನೂ ಎಳೆದೆ.

ಮೂರ್ತಿ ಸಾಹೇಬರು ಒಂದು ಕಲ್ಲನ್ನು ಒಡೆದರು. ಒಳಗೆ ತೂತು ತೂತು. "ಷಡಕ್ಷರಿ, ಕಲ್ಲಿನೊಳಗೆ ದೋಸೆ ಥರ ತೂತು ಇರುತ್ತೇನಯ್ಯಾ?"

"ವಿಶೇಷ ಅದಿರು ಇರಬೇಕು ಸಾರ್."

"ಇದು ಅದಿರಲ್ಲ, ಕಿಟ್ಟ. ಹಳೇ ಕಾಲದವರು ಕುಲುಮೆಯಲ್ಲಿ ಕಲ್ಲಿನಿಂದ ಕಬ್ಬಿಣ ತೆಗೆದುಕೊಂಡ ಮೇಲೆ ಉಳಿಯೋ ಹೊಲಸು. ಯಾರೋ ಉಂಡು ಬಿಸಾಕಿದ ಎಲೆಗಳನ್ನ ಹನ್ನೊಂದು ಚೀಲ ತುಂಬ್ಕೊಂಡು ಬಂದಿದೀಯ. ಹೋಗು, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ."

ಕಚೇರಿಯಲ್ಲಿ ಎರಡು ವರ್ಷ ನನ್ನ ಹೆಸರು 'ಅತ್ಯುತ್ತಮ ಅದಿರು' ಎಂದೇ ಇತ್ತು. ಈಚೆಗೆ ಮಾತ್ರ ಒಂದು ಸಮಾಧಾನ ಸಿಕ್ಕಿದೆ. ಈಗ ನಿಮ್ಮ ಕೈಗೆ ಪಿಸ್ತೂಲಿನಂಥ ಯಂತ್ರ ಕೊಡುತ್ತಾರಲ್ಲ, ಕಲ್ಲಿಗೆ ಗುರಿಯಿಟ್ಟರೆ ಯಾವ ಲೋಹ ಎಷ್ಟಿದೆ ಎಂದು ಚಣದಲ್ಲಿ ಹೇಳುವಂಥದ್ದು, ಅದನ್ನು ಹಿಡಿದು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದೇ ದಿಬ್ಬಕ್ಕೆ ಹೋಗಿದ್ದಳು. ನನಗೆ ಫೋನು: "ಸಾರ್, ಇಲ್ಲಿ ಕಬ್ಬಿಣ ತುಂಬಾ ಜಾಸ್ತಿ ತೋರಿಸ್ತಿದೆ!" ಕಿಟ್ಟದಲ್ಲೂ ಕಬ್ಬಿಣ ಬೇಕಾದಷ್ಟು ಉಳಿದಿರುತ್ತದಮ್ಮಾ, ಒಂದನ್ನು ಒಡೆದು ದೋಸೆ ಇದೆಯೇ ನೋಡು ಎಂದೆ. ಯಂತ್ರವೂ ನನ್ನ ಹಾಗೇ ಮೋಸಹೋಯಿತು ಎಂದು ಅವತ್ತು ಒಂದು ಲೋಟ ಹೆಚ್ಚಿಗೆ ಕಾಫಿ ಕುಡಿದೆ.

ಚೀಲಗಳನ್ನು ವಾಪಸು ಸುರಿಯಲು ಹೋದಾಗಲೇ ನನಗೆ ಕಾಳಮ್ಮಜ್ಜಿ ಸಿಕ್ಕಿದ್ದು. ಕಮ್ಮಾರಿಕೆಯ ಮನೆತನದ ವಿಧವೆ, ದಿಬ್ಬದ ಪಕ್ಕದಲ್ಲೇ ಮನೆ. ಆಗಲೇ ಅರವತ್ತು ದಾಟಿದ್ದಿರಬೇಕು. ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು ನಿಂತು ನೋಡುತ್ತಿದ್ದಳು.

"ಮೊನ್ನೆ ಹೊತ್ಕೊಂಡೋದೆ. ಇವತ್ತು ತಂದು ಸುರೀತಾ ಇದೀಯ. ನಿಂಗೆ ಬ್ಯಾರೆ ಕ್ಯಾಮೆ ಇಲ್ವೇನಪ್ಪಾ?"

ಇದೇ ನನ್ನ ಕ್ಯಾಮೆ ಎಂದು ಹೇಳುವಷ್ಟರಲ್ಲಿ ಜಾಲಿ ಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ಇಳಿಯಿತು. ಅಜ್ಜಿ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಸೆರಗಿನ ಪಿನ್ನು ಬಿಚ್ಚಿ ಮುಳ್ಳು ಕೆದಕತೊಡಗಿದಳು. ಪಿನ್ನಿಗೆ ತುಕ್ಕು ಹಿಡಿದಿದೆಯೇ ಎಂದು ಕೇಳಿದೆ. "ತುಕ್ಕು ಹಿಡೀದಿದ್ರೆ ಅದೆಂಥಾ ಕಬ್ಬಿಣ?" ಎಂದಳು. ಟೆಟನಸ್ ಸೂಜಿ ಹಾಕಿಸಿಕೊಂಡೇ ಮನೆಗೆ ಹೋದೆ.

ಅಲ್ಲಿಂದ ಮುಂದೆ ಆ ಕಡೆ ಹೋದಾಗಲೆಲ್ಲ ಅಜ್ಜಿಯ ಜಗಲಿಯಲ್ಲಿ ಒಂದು ಲೋಟ ಮಜ್ಜಿಗೆ ಖಾಯಂ. ಮಜ್ಜಿಗೆಯ ಜೊತೆ ಅವಳಜ್ಜಿಯ ಕಥೆ. ಪಾಳೇಗಾರರ ಕಾಲದಿಂದ ಆ ದಿಬ್ಬದ ಹತ್ತಿರ ಕುಲುಮೆಗಳಿದ್ದವಂತೆ. ಗುಡ್ಡದಿಂದ ಕರಿ ಚುಕ್ಕೆಯ ಕಲ್ಲು ತಂದು, ಸೌದೆ ಪೇರಿಸಿ ಸುಟ್ಟು, ಕಾದ ಕಲ್ಲಿಗೆ ತಣ್ಣೀರು ಎರಚುತ್ತಿದ್ದರು. ಬಿರುಕು ಬಿಟ್ಟ ಕಲ್ಲನ್ನು ಬಂಡೆಯ ಮೇಲಿನ ಕುಳಿಗಳಲ್ಲಿ ಒನಕೆಯಿಂದ ಕುಟ್ಟಿ ಪುಡಿ ಮಾಡುತ್ತಿದ್ದರು. ಆ ಕುಳಿಗಳನ್ನು ನಾನು ರಾಗಿ ಕುಟ್ಟುವ ಒರಳು ಎಂದುಕೊಂಡಿದ್ದೆ. ಪುಡಿಯನ್ನು ಮರದ ಮರಿಗೆಯಲ್ಲಿ ಹಾಕಿ ನೀರಲ್ಲಿ ಜಾಲಿಸಿದರೆ ಹಗುರವಾದ ಬಿಳಿ ಮರಳು ಹರಿದುಹೋಗಿ ಭಾರದ ಕರಿ ಮರಳು ತಳದಲ್ಲಿ ನಿಲ್ಲುತ್ತದೆ. ತೊಳೆಯುವುದು ಹೆಂಗಸರ ಕೆಲಸ. "ಮೂರು ನೀರು ಕೊಡು, ನಾಕನೇ ನೀರು ಕೊಡಬ್ಯಾಡ ಅಂತಿದ್ಲು ನಮ್ಮಜ್ಜಿ" ಎಂದು ಕಾಳಮ್ಮಜ್ಜಿ ಪ್ರತಿ ಸಲವೂ ಹೇಳುತ್ತಿದ್ದಳು.

ನಮ್ಮ ಸೀಮೆಯಲ್ಲಿ ನೀರಿಗೆ ಬರ, ಅದಕ್ಕೇ ಹಾಗೆ ಹೇಳಿರಬೇಕು ಎಂದು ನಾನು ವಿವರಣೆ ಕೊಟ್ಟೆ. ಅಜ್ಜಿ ನನ್ನ ಮುಖ ನೋಡಿ, "ಇರ್ಬೋದು ಕಣಪ್ಪಾ, ಓದಿದೋನು ನೀನು" ಎಂದು ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಸುರಿದಳು.

ಹೀಗೇ ಎಷ್ಟೋ ವರ್ಷ ಕಳೆಯಿತು. ನನ್ನ ಮೀಸೆ ನರೆಯಿತು. ಮೂರ್ತಿ ಸಾಹೇಬರು ಊರೂರು ಸುತ್ತಿ ಮತ್ತೆ ನಮ್ಮ ಕಚೇರಿಗೇ ಬಂದಿದ್ದರು. ಒಂದು ದಿನ ನಮ್ಮ ಜೀಪು ಅಜ್ಜಿಯ ಊರು ದಾಟುವಾಗ ದಿಬ್ಬದ ಮೇಲೆ ಜನ ಕಂಡರು. ಡ್ರೈವರ್ ಬಾಷಾ, ಶಿರಾದವನು, ಗಾಡಿ ನಿಲ್ಲಿಸಿದ. ದಿಬ್ಬದ ನೆತ್ತಿಯಲ್ಲಿ ಕಾಳಮ್ಮಜ್ಜಿ ಕಾಲು ಚಾಚಿ ಕೂತಿದ್ದಳು. ಎದುರಿಗೆ ಪಂಚಾಯ್ತಿ ಅಧ್ಯಕ್ಷ ಹನುಮಂತರಾಯಪ್ಪ. ಕೆರೆ ಏರಿಯ ರಸ್ತೆಗೆ ತುಂಬಲು ದಿಬ್ಬವನ್ನು ತೋಡುವುದೆಂದು ತೀರ್ಮಾನವಾಗಿತ್ತು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಟಿಪ್ಪರ್ ಬರುವುದಿತ್ತು.

"ಅಜ್ಜೀ, ಇದು ಯಾವ ಕಾಲದ್ದೋ ಇಟ್ಟಿಗೆ ಗೂಡಿನ ಕಸ. ರಸ್ತೆಗಾದ್ರೂ ಆಗ್ಲಿ ಬುಡು."

"ಲೇ ಹನುಮಂತ, ನಿಮ್ಮ ಮುತ್ತಾತ ಉಳ್ತಿದ್ದ ನೇಗಿಲ ಕುಳ ಇಲ್ಲಿಂದ ಹೋಗಿದ್ದು ಕಣ್ಲಾ. ಈ ಕಬ್ಬಿಣದಾಗೆ ಉತ್ತು ಉಂಡು ಬೆಳೆದ ವಂಶ, ಇವತ್ತು ಕಸ ಅಂತೀಯ."

"ಕಲ್ಲಿಂದ ಕಬ್ಬಿಣ ತೆಗೆಯೋದನ್ನ ನೀನು ಕಣ್ಣಾರೆ ಕಂಡಿದೀಯ?"

ಅಜ್ಜಿ ಚಾಚಿದ ಕಾಲು ಮಡಚಿಕೊಂಡು, "ನಾನು ಕಂಡಿಲ್ಲ. ನಮ್ಮಜ್ಜಿ ಕಂಡಿದ್ಲು" ಎಂದಳು. ಸುತ್ತ ನಿಂತವರು ನಕ್ಕರು. ಅವಳ ಮಗ ನಾಗಾಚಾರಿ, ಕೊಳಾಲದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡವನು, ಅವನೂ ನಕ್ಕು ತಲೆ ತಗ್ಗಿಸಿದ. ಅಜ್ಜಿಯ ಮುಖ ಚಿಕ್ಕದಾದದ್ದನ್ನು ಅದೇ ಮೊದಲ ಸಲ ನಾನು ನೋಡಿದ್ದು.

"ಹೋಗ್ಲಿ" ಎಂದ ಅಧ್ಯಕ್ಷ, ಜನರ ಕಡೆ ತಿರುಗಿ. "ಟಿಪ್ಪರ್ ಬರೋದ್ರೊಳಗೆ ನಮ್ಮ ಗುಡ್ಡದ ಕಲ್ಲಿಂದ ಒಂದು ಮೊಳೆಯಷ್ಟು ಕಬ್ಬಿಣ ತೆಗೆದು ತೋರಿಸ್ಲಿ. ಈ ದಿಬ್ಬದಾಗೆ ಒಂದು ಹೆಂಟೆ ಮುಟ್ಟಿಸಲ್ಲ. ಯಾರಾದ್ರೂ ತೋರಿಸ್ತೀರೇನ್ರಪ್ಪಾ?"

"ತೋರಿಸ್ತೀವಿ!"

ಯಾರಪ್ಪಾ ಈ ಮೂರ್ಖ ಎಂದು ಎಲ್ಲರ ಜೊತೆ ನಾನೂ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಮಾತಾಡಿದ್ದು ನಾನೇ.

ಜೀಪಿನಲ್ಲಿ ಬಾಷಾ ಮಧುಗಿರಿ ಬೆಟ್ಟ ಕಾಣುವ ಹೊತ್ತಿಗೆ ಹೇಳಿದ: "ಅಣ್ಣಾ, ಫಿಕರ್ ಮಾಡ್ಬೇಡಿ ಅಂತ ಹೇಳೋಣ ಅಂದ್ಕೊಂಡೆ. ಆದ್ರೆ ಮನೆ ಗ್ಯಾಸ್ ಹತ್ಸೋಕೇ ಮೂರು ಸಲ ರೆಗ್ಯುಲೇಟರ್ ನೋಡೋರು ನೀವು. ಕುಲುಮೆ ಹತ್ಸೋದು ಹೆಂಗೆ?"

ಮೂರ್ತಿ ಸಾಹೇಬರು ಎಲ್ಲ ಕೇಳಿ, "ಮಾತು ಕೊಟ್ಟಿದ್ದು ಇಲಾಖೆಯ ಹೆಸರಲ್ಲೋ ನಿನ್ನ ಹೆಸರಲ್ಲೋ?" ಎಂದರು.

"ಬಾಯಿ ತಪ್ಪಿ ಬಂತು ಸಾರ್."

"ಹಾಗಾದ್ರೆ ರಜೆ ಹಾಕಿ ತೆಗಿ." ಕ್ಯಾಲೆಂಡರ್ ನೋಡಿ, "ನಾನೂ ರಜೆ ಹಾಕ್ತೀನಿ. ಪುಸ್ತಕದಲ್ಲಿ ಓದಿದ್ದೇ ಆಯ್ತು, ಒಂದು ಸಲ ಕಣ್ಣಲ್ಲಿ ನೋಡಬೇಕು" ಎಂದರು. ಅಧಿಕಾರಿಗಳು ಸಿಕ್ಕರೆ ಇಂಥವರು ಸಿಗಬೇಕು. ಬೈಯುವಾಗ ಜೋರಾಗಿ ಬೈದು, ಮಣ್ಣು ಕಲೆಸುವಾಗ ಪ್ಯಾಂಟು ಮಡಚುವವರು.

ಕೆರೆಯ ಗೋಡುಮಣ್ಣಿಗೆ ರಾಗಿ ಹೊಟ್ಟು ಕಲೆಸಿ ತುಳಿದು, ಎದೆಯೆತ್ತರದ ಕುಲುಮೆ ಕಟ್ಟಿದೆವು. ಬುಡದಲ್ಲಿ ಗಾಳಿಗೆ ಒಂದು ಮಣ್ಣಿನ ಕೊಳವೆ, ಕಿಟ್ಟ ಹರಿಯಲು ಒಂದು ಕಿಂಡಿ. ಗಾಳಿ ಊದಲು ಹಳಬರು ಆಡಿನ ಚರ್ಮದ ತಿದಿ ಒತ್ತುತ್ತಿದ್ದರಂತೆ. ನಾಗಾಚಾರಿ ತನ್ನಪ್ಪನ ಕಾಲದ, ಕೈಯಲ್ಲಿ ತಿರುವುವ ಬ್ಲೋವರ್ ತಂದ. ತಿದಿಯೇ ಬೇಕು ಎಂದು ಅಜ್ಜಿ ಹಟ ಹಿಡಿಯುತ್ತಾಳೇನೋ ಎಂದು ನಾನು ರಾತ್ರಿಯೆಲ್ಲ ಚಿಂತಿಸಿದ್ದೆ. ಅವಳು ಅದರ ಬಾಯಿಗೆ ಕೈ ಹಿಡಿದು ನೋಡಿ, "ಗಾಳಿ ಬತ್ತದೆ, ಇನ್ನೇನ್ ಬೇಕು?" ಎಂದಳು.

"ಅಮ್ಮಾ, ಅಂಗಡೀಲಿ ಕಂಬಿ ರಾಶಿ ಬಿದ್ದದೆ. ಅದರಾಗೆ ಒಂದು ತುಂಡು ಒಳಗೆ ಹಾಕಿ ತೆಗೆದ್ರೆ ಯಾರಿಗ್ ಗೊತ್ತಾಯ್ತದೆ?" ಎಂದ ನಾಗಾಚಾರಿ, ನಗುತ್ತ.

"ನಂಗೆ ಗೊತ್ತಾಯ್ತದೆ ಕಣ್ಲಾ" ಎಂದಳು ಅಜ್ಜಿ, ನಗದೆ.

ಕಲ್ಲು ತಂದು ಸುಟ್ಟೆವು, ನೀರೆರಚಿದೆವು. ಕಲ್ಲು ಪಟಪಟ ಸಿಡಿಯಿತು. ಊರ ಹೆಂಗಸರು ಒನಕೆ ತಂದು ಕುಳಿಗಳಲ್ಲಿ ಕುಟ್ಟಿದರು. "ಇದರಾಗೆ ಮುದ್ದೆ ಕಟ್ತೀರಾ ಸಾರ್?" ಎಂದು ಒಬ್ಬಳು ಕೇಳಿದರೆ, "ಸಾರಿಗೆ ಏನ್ ಹಾಕ್ತೀರ, ಮೊಳೆನಾ?" ಎಂದಳು ಇನ್ನೊಬ್ಬಳು. ತೊಳೆಯುವ ಕೆಲಸವನ್ನು ಮಾತ್ರ ನಾನು ಯಾರಿಗೂ ಬಿಡಲಿಲ್ಲ. ಇಷ್ಟು ಜನರ ಮುಂದೆ ಮಾತು ಕೊಟ್ಟಿದ್ದೇನೆ, ಕೊಳೆ ಉಳಿದು ಕೆಟ್ಟರೆ? ಮೂರು ನೀರು ಕೊಟ್ಟೆ. ಇನ್ನೂ ಬಿಳಿ ಚುಕ್ಕೆ ಕಂಡವು. ನಾಲ್ಕನೆಯದು, ಐದನೆಯದು, ಏಳು ನೀರಿಗೂ ನನಗೆ ಸಮಾಧಾನವಾಗಲಿಲ್ಲ. ಕಚೇರಿಯಿಂದ ತಂದಿದ್ದ ಸೂಜಿಗಲ್ಲನ್ನು ಕಾಗದದಲ್ಲಿ ಸುತ್ತಿ, ಒಣಗಿದ ಪುಡಿಯ ಮೇಲೆ ಆಡಿಸಿ, ಅಂಟಿದ ಕರಿ ಮರಳನ್ನಷ್ಟೇ ಎತ್ತಿ ಇಟ್ಟೆ. ಕಾಡಿಗೆಯಂತೆ ಶುದ್ಧ. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಕೆಲಸ ಮಾಡಿರಲಿಲ್ಲ.

ಬುಧವಾರ ಬೆಳಿಗ್ಗೆ ಕುಲುಮೆ ಹತ್ತಿಸಿದೆವು. ಜಾಲಿ ಇದ್ದಿಲು ಒಂದು ಬುಟ್ಟಿ, ನೀರು ಚಿಮುಕಿಸಿದ ಕರಿ ಮರಳು ಒಂದು ಬೊಗಸೆ, ಮತ್ತೆ ಇದ್ದಿಲು. ಮಧ್ಯಾಹ್ನದ ಮೇಲೆ ಕುಲುಮೆಯ ಎದೆ ಒಡೆದು ನಾಗಾಚಾರಿ ಇಕ್ಕಳದಲ್ಲಿ ಒಂದು ಕೆಂಪು ಮುದ್ದೆ ಎಳೆದ. ಅಡಿಗಲ್ಲಿನ ಮೇಲಿಟ್ಟು ಒಂದೇ ಒಂದು ಏಟು ಹಾಕಿದ. ಮುದ್ದೆ ಒಣಗಿದ ಬೂಂದಿಲಾಡಿನ ಹಾಗೆ ಪುಡಿಪುಡಿಯಾಗಿ ನಾಲ್ಕು ದಿಕ್ಕಿಗೂ ಉರುಳಿತು.

ಅಧ್ಯಕ್ಷ ಬಗ್ಗಿ ನೋಡಿ, ಒಂದು ಚೂರನ್ನು ಕಾಲಲ್ಲಿ ಸರಿಸಿ, ಬಹಳ ವಿನಯದಿಂದ, "ಸಾರ್, ಇದನ್ನೂ ರಸ್ತೆಗೆ ಹಾಕ್ಬೋದಲ್ವಾ?" ಎಂದ.

ಆ ಸಂಜೆ ಜಗಲಿಯಲ್ಲಿ ಕೂತು ನನ್ನ ನೋಟ್‌ಬುಕ್ಕಿನಲ್ಲಿ ಕಾರಣಗಳನ್ನು ಬರೆದೆ. ಇದ್ದಿಲಿಗೆ ತೇವ ಇರಬಹುದು. ಕೊಳವೆ ಓರೆಯಾಗಿರಬಹುದು. ಮೋಡ ಇತ್ತು. ನಾಗಾಚಾರಿಗೆ ನಂಬಿಕೆ ಇರಲಿಲ್ಲ. ಹೀಗೆ ಹತ್ತೊಂಬತ್ತು ಕಾರಣಗಳಾದವು. ಇಪ್ಪತ್ತನೆಯದು ನಾನು. ಅದು ಪಟ್ಟಿಯಲ್ಲಿರಲಿಲ್ಲ.

ಅಜ್ಜಿ ಮಾತ್ರ ಕುಲುಮೆಯ ಸುತ್ತ ಏನೋ ಹುಡುಕುತ್ತಿದ್ದಳು. "ಏನು ಕಳ್ಕೊಂಡೆ ಅಜ್ಜಿ?" ಎಂದೆ.

"ಕಿಟ್ಟ ಎಲ್ಲಪ್ಪಾ?"

"ಕಿಟ್ಟ ಬರಲಿಲ್ಲ ಅಜ್ಜಿ. ಒಂದು ತೊಟ್ಟೂ ಬರಲಿಲ್ಲ. ಅಷ್ಟು ಶುದ್ಧವಾಗಿತ್ತು ನಮ್ಮ ಮರಳು."

"ಎಷ್ಟು ನೀರು ಕೊಟ್ಟೆ?"

"ಏಳು." ಅವಳು ನೋಡುತ್ತಲೇ ಇದ್ದಳು. "ಆಮೇಲೆ ಸ್ವಲ್ಪ ಸೂಜಿಗಲ್ಲು."

ಅಜ್ಜಿ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ನನ್ನಪ್ಪಾ! ಮೂರು ನೀರು, ಮೂರು ನೀರು ಅಂತ ಅಷ್ಟು ವರ್ಷ ಬಡ್ಕೊಂಡೆ. ಮಜ್ಜಿಗೆ ಒಳಕ್ಕೋಯ್ತು, ಮಾತು ಹೊರಕ್ಕೋಯ್ತು! ಕೊಳೆ ಇಲ್ದೆ ಕಿಟ್ಟ ಎಲ್ಲಿಂದ ಬಂದಾತು? ಕಿಟ್ಟ ಇಲ್ದೆ ಕಬ್ಬಿಣ ಯಾವುದನ್ನ ಹಿಡ್ಕಂಡು ಕೂಡ್ಕೊಂಡಾತು?"

ಮೂರ್ತಿ ಸಾಹೇಬರು ಕೈಲಿದ್ದ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. "ಹೌದಲ್ಲಯ್ಯಾ" ಎಂದರು. "ಆ ಬಿಳಿ ಮರಳೇ ಕರಗಿ ಕಿಟ್ಟವಾಗಿ ಕಬ್ಬಿಣದ ಹುಡಿಯನ್ನೆಲ್ಲ ಒಂದು ಕಡೆ ಕೂಡಿಸುತ್ತೆ. ಗಾಳಿ ಬಡಿದು ಮತ್ತೆ ಸುಟ್ಟುಹೋಗದ ಹಾಗೆ ಕಂಬಳಿ ಥರ ಹೊದಿಸುತ್ತೆ. ನೀನು ಕಂಬಳೀನೇ ಒಗೆದು ಹೊಳೆಗೆ ಬಿಟ್ಟೆ." ಆಮೇಲೆ ದಿಬ್ಬದ ಕಡೆ ನೋಡಿ, ಮೆಲ್ಲಗೆ: "ಬೈಯೋ ಹಕ್ಕು ನನಗೂ ಇಲ್ಲ. ಇಷ್ಟೆತ್ತರ ಕಿಟ್ಟ ಬಿದ್ದಿದೆ ಅಂದ್ರೆ ಅಷ್ಟು ಕೊಳೇನ ಅವರು ಬೇಕಂತಲೇ ಒಳಗೆ ಬಿಟ್ಟಿದ್ರು ಅಂತ ತಾನೇ? ಇಷ್ಟು ವರ್ಷದಿಂದ ನಮ್ಮಿಬ್ಬರ ಕಣ್ಣೆದುರಿಗೇ ಇತ್ತು."

ಅಂದಿನಿಂದ ನನ್ನನ್ನು ಮರಿಗೆಯ ಹತ್ತಿರ ಬಿಡಲಿಲ್ಲ. ಅಜ್ಜಿಯೇ ಕೂತು ತೊಳೆದಳು. ಒಂದು, ಎರಡು, ಮೂರು. ಮೂರನೆಯ ನೀರು ಚೆಲ್ಲಿದಾಗ ಕರಿ ಮರಳಿನಲ್ಲಿ ಇನ್ನೂ ಬಿಳಿ ಚುಕ್ಕೆಗಳು ಮಿನುಗುತ್ತಿದ್ದವು. ನನ್ನ ಕೈ ತಾನಾಗಿಯೇ ಚೊಂಬಿನ ಕಡೆ ಹೋಯಿತು. "ಬಾಷಾ, ಇವನ ಕೈ ಹಿಡ್ಕಳಪ್ಪಾ" ಎಂದಳು. ಬಾಷಾ ನಿಜವಾಗಿಯೂ ಹಿಡಿದುಕೊಂಡ.

ಭಾನುವಾರ, ಟಿಪ್ಪರ್ ಬರುವ ಹಿಂದಿನ ದಿನ, ಎದೆಗೆ ಹೊಸ ಮಣ್ಣು ಮೆತ್ತಿದ ಕುಲುಮೆ ಎರಡನೆಯ ಸಲ ಹತ್ತಿತು. ನನಗೆ ಬ್ಲೋವರ್ ತಿರುವುವ ಕೆಲಸ. ಗಾಬರಿಯಲ್ಲಿ ಗರಗರನೆ ತಿರುವಿದರೆ ಅಜ್ಜಿ ಬೆನ್ನಿಗೆ ತಟ್ಟುತ್ತಿದ್ದಳು. "ಉಸಿರಾಡೋ ಅಂಗೆ ತಿರುವು ಮಗಾ. ಓಡೋ ನಾಯಿ ಅಂಗಲ್ಲ, ಮಲಗಿರೋ ಎಮ್ಮೆ ಅಂಗೆ." ಮಲಗಿದ ಎಮ್ಮೆಯಾಗಲು ಪ್ರಯತ್ನಿಸಿದೆ. ಆ ದಿನದಷ್ಟು ಶಾಂತವಾಗಿ ನಾನು ಯಾವತ್ತೂ ಉಸಿರಾಡಿಲ್ಲ, ಬೇರೆ ದಾರಿಯೇ ಇರಲಿಲ್ಲ.

ಮಧ್ಯಾಹ್ನ ಅಜ್ಜಿ ಕಿಂಡಿಗೆ ಕಂಬಿಯಿಂದ ತಿವಿದಳು. ಒಂದು ಚಣ ಏನೂ ಇಲ್ಲ. ಆಮೇಲೆ ಬೆಲ್ಲದ ಪಾಕದಂಥ ಕೆಂಪು ಎಳೆ ನಿಧಾನವಾಗಿ ಹೊರಬಂದು, ನೆಲದ ಮೇಲೆ ನಾಲಿಗೆ ಚಾಚಿ, ನಮ್ಮೆಲ್ಲರ ಕಣ್ಣೆದುರಿಗೇ ಕಪ್ಪಗಾಗಿ ಗಟ್ಟಿಯಾಯಿತು. ನಾಗಾಚಾರಿ ಅದನ್ನು ಕೋಲಿನಿಂದ ಎಬ್ಬಿಸಿ ದಿಬ್ಬದ ಒಂದು ತುಂಡಿನ ಪಕ್ಕ ಇಟ್ಟ. ಎರಡೂ ಒಂದೇ. ಅಲ್ಲಿದ್ದ ಒಬ್ಬರಿಗೂ ಆಮೇಲೆ ಯಾವ ಭೂವಿಜ್ಞಾನಿಯ ವಿವರಣೆಯೂ ಬೇಕಾಗಲಿಲ್ಲ.

"ಇನ್ನೂ ಕಬ್ಬಿಣ ಬಂದಿಲ್ಲ ಕಣ್ರೋ, ಕುಣೀಬ್ಯಾಡಿ" ಎಂದಳು ಅಜ್ಜಿ.

ಕುಲುಮೆ ಒಡೆದಾಗ ಬಂದದ್ದು ಸೀದುಹೋದ ರಾಗಿಮುದ್ದೆಯಂಥ ಒಂದು ಉಂಡೆ. ನಾಗಾಚಾರಿ ಈ ಸಲ ಸುತ್ತಿಗೆ ಎತ್ತಲಿಲ್ಲ. ಮರದ ಕೊಡತಿಯಿಂದ, ಮಗುವ ಬೆನ್ನು ತಟ್ಟುವ ಹಾಗೆ ತಟ್ಟಿದ. ಕಿಟ್ಟ ಉದುರಿತು, ಉಂಡೆ ನಿಂತಿತು. ಮತ್ತೆ ಕಾಯಿಸಿದ, ಮತ್ತೆ ತಟ್ಟಿದ, ಮತ್ತೆ ಕಾಯಿಸಿದ. ಐದಾರು ಸಲ ಆದ ಮೇಲೆ ಸುತ್ತಿಗೆ ತೆಗೆದುಕೊಂಡು ಒಂದು ಏಟು ಹಾಕಿದ.

ಣಣ್.

ಇಪ್ಪತ್ತು ವರ್ಷ ಕಬ್ಬಿಣದ ಜೊತೆಗೇ ಬದುಕಿದ ನಾಗಾಚಾರಿ ಆ ಸದ್ದು ಕೇಳಿ ಸುತ್ತಿಗೆ ಕೆಳಗಿಟ್ಟು ಅವ್ವನ ಮುಖ ನೋಡಿದ. "ಅಮ್ಮಾ, ಇದು ಕಬ್ಬಿಣ ಕಣಮ್ಮಾ" ಎಂದ, ಅವಳಿಗೇ ಗೊತ್ತಿಲ್ಲವೇನೋ ಎಂಬಂತೆ. ಮೂರ್ತಿ ಸಾಹೇಬರು ಮಸಿಯ ಕೈಯಲ್ಲೇ ಚಪ್ಪಾಳೆ ತಟ್ಟಿದರು. ಬಾಷಾ ಜೀಪಿನ ಹಾರನ್ ಒತ್ತಿ ಬಿಡಲೇ ಇಲ್ಲ. ನಾನು ಬ್ಲೋವರ್ ತಿರುವುತ್ತಲೇ ಇದ್ದೆ. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ.

ಉಳಿದದ್ದು ನಿಂಬೆಹಣ್ಣಿನಷ್ಟು ಕಬ್ಬಿಣ. "ಏನ್ ಮಾಡ್ಲಮ್ಮಾ, ಮೊಳೆನಾ?" ಎಂದು ನಾಗಾಚಾರಿ ಕೇಳಿದ.

"ಮೊಳೆ ಗೋಡೆಗೆ. ನಂಗೊಂದು ಮುಳ್ಳಿನ ಚಿಮುಟ ಮಾಡ್ಕೊಡು" ಎಂದಳು ಅಜ್ಜಿ. ಅವನು ಅಲ್ಲೇ ಕೂತು ಬಡಿದು, ತೆಳ್ಳಗೆ ಎಳೆದು, ಮಡಿಸಿ, ತುದಿ ಕೂಡಿಸಿ ಕೊಟ್ಟ. ಬೆರಳುದ್ದದ ಚಿಮುಟ. ಸೊಟ್ಟಗಿತ್ತು, ಕರ್ರಗಿತ್ತು.

ಅಷ್ಟು ಹೊತ್ತಿಗೆ ಸುದ್ದಿ ಮುಟ್ಟಿ ಅಧ್ಯಕ್ಷ ಬಂದ. ಚಿಮುಟವನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಖದಲ್ಲಿ ನಗು ಒತ್ತಿ ಹಿಡಿದಿದ್ದ. "ಅಲ್ಲಜ್ಜೀ, ನಾನು ಕೇಳಿದ್ದು ಮೊಳೆ. ಇದು ಚಿಮುಟ ಅಲ್ವಾ?" ಎನ್ನುತ್ತ, ಜನರ ನಗುವಿಗೆ ಕಾದು ಒಂದು ಹೆಜ್ಜೆ ಹಿಂದಿಟ್ಟ. "ಅಯ್ಯಯ್ಯಪ್ಪಾ!"

ನಮ್ಮ ಸೀಮೆಯ ಜಾಲಿ ಮುಳ್ಳು ರಬ್ಬರ್ ಚಪ್ಪಲಿಯನ್ನು ಹಪ್ಪಳದಂತೆ ತೂರುತ್ತದೆ. ಅಧ್ಯಕ್ಷ ಒಂಟಿ ಕಾಲಲ್ಲಿ ಕುಂಟುತ್ತ ಕಿಟ್ಟದ ರಾಶಿಯ ಮೇಲೆ ಕೂತ. ಅಜ್ಜಿ ನಿಧಾನವಾಗಿ ಬಂದು, ಅವನ ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೊಸ ಚಿಮುಟ ಇಳಿಸಿದಳು. ಒಂದೇ ಎಳೆತ. ಅರ್ಧ ಬೆರಳುದ್ದದ ಮುಳ್ಳನ್ನು ಬಿಸಿಲಿಗೆ ಹಿಡಿದು ತೋರಿಸಿದಳು.

"ಮೊಳೆ ಆಗಿದ್ರೆ ತೆಗೀತಿತ್ತೇನ್ಲಾ ಹನುಮಂತ?"

ಅವನು ತಡೆಯಲಾರದೆ ನಕ್ಕುಬಿಟ್ಟ. "ಬುಡಜ್ಜಿ, ಗೆದ್ದೆ. ನಾಳೆ ಟಿಪ್ಪರ್‌ನ ಬ್ಯಾರೆ ಕಡೆ ಕಳಿಸ್ತೀನಿ" ಎಂದ. ಮಾತಿಗೆ ತಪ್ಪಲಿಲ್ಲ. ಆ ಕೆರೆ ಏರಿಯ ರಸ್ತೆಗೆ ಬೇರೆ ಕಡೆಯ ಮಣ್ಣು ಬಿತ್ತು. ದಿಬ್ಬ ಇವತ್ತಿಗೂ ಇದೆ, ಮುಳ್ಳುಗಳೂ ಇವೆ. ಹೋಗುವವರು ಗಟ್ಟಿ ಚಪ್ಪಲಿ ಮೆಟ್ಟಿಕೊಂಡು ಹೋಗಿ.

ಹೊಸಬರಿಗೆ ನಾನು ಹೇಳಬಹುದಾದ್ದು ಇಷ್ಟೇ. ಯಂತ್ರ ಹೇಳಿದ್ದನ್ನು ಬರೆದುಕೊಳ್ಳಿ, ಜಗಲಿಯ ಮೇಲೆ ಹೇಳಿದ್ದನ್ನೂ ಬರೆದುಕೊಳ್ಳಿ. ಅರ್ಥವಾಗದ ಮಾತಿಗೆ ಅರ್ಥ ಕೊಡಲು ಅವಸರ ಪಡಬೇಡಿ. ಮೂರು ನೀರು ಎಂದರೆ ಮೂರೇ ನೀರು. ನಾನಂತೂ ಈಗಲೂ ಏನನ್ನಾದರೂ ನಾಲ್ಕನೆಯ ಸಲ ಉಜ್ಜಲು ಹೋದರೆ ಗಿರಿಜಾ ಅಡುಗೆಮನೆಯಿಂದಲೇ "ಅಜ್ಜೀ!" ಎಂದು ಕೂಗುತ್ತಾಳೆ.

ಅವತ್ತು ಹೊರಡುವಾಗ ಮೂರ್ತಿ ಸಾಹೇಬರು ನನ್ನನ್ನು ಮೊಣಕೈಯಿಂದ ತಿವಿದರು. ಕಚೇರಿಯಲ್ಲಿ ಕಲ್ಲುಗಳನ್ನು ಇಡುವ ಗಾಜಿನ ಪೆಟ್ಟಿಗೆಯಿದೆ. ಆ ಚಿಮುಟ ಅಲ್ಲಿರಬೇಕೆಂದು ಅವರ ಆಸೆ, ನನ್ನದೂ. ನಾನು ಕೈ ಚಾಚಿ, ಅದರ ಮಹತ್ವ, ಇತಿಹಾಸ, ಕೆಳಗೆ ಬರೆಯಲಿರುವ ಚೀಟಿ ಎಲ್ಲವನ್ನೂ ವಿವರಿಸಿದೆ. ಚೀಟಿಯ ಮೇಲೆ ಅಜ್ಜಿಯ ಹೆಸರನ್ನೂ ಹಾಕುತ್ತೇವೆ ಎಂದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಚಿಮುಟವನ್ನು ಸೆರಗಿನಲ್ಲಿ ಒರೆಸಿ, ಎಲೆಅಡಿಕೆ ಚೀಲಕ್ಕೆ ಹಾಕಿ, ದಾರ ಎಳೆದು ಬಿಗಿದಳು.

"ನಿನ್ನ ಗಾಜಿನ ಪೆಟ್ಟಿಗೆಯಾಗೆ ಯಾರಿಗಪ್ಪಾ ಮುಳ್ಳು ಚುಚ್ಚತದೆ?"